ಮಾರ್ವೆಲ್ ಪಜಲ್ ಕ್ವೆಸ್ಟ್: 2 ಸ್ಟಾರ್ ಮುಗಿಸಿ ನಿಂತುಬಿಟ್ಟಿದ್ದೇನೆ, ಈಗ ದುಡ್ಡು ಹಾಕಬೇಕಾ?

ಡೊಂಬಿವಲಿ ಫಾಸ್ಟ್:

ಎಲ್ಲರಿಗೂ ನಮಸ್ಕಾರ. ನಾನು ದಿನಾ ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿಗೆ ಲೋಕಲ್ ರೈಲಿನಲ್ಲಿ ಹೋಗಿ ಬರುವವನು. ಬೆಳಗ್ಗೆ ಕೂರಲು ಜಾಗ ಸಿಗುವುದಿಲ್ಲ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನು, ಹೆಬ್ಬೆರಳೊಂದರಲ್ಲೇ ಆಡುವಂಥ ಆಟ ಬೇಕಿತ್ತು. ಹಾಗೆ ಹಿಡಿದದ್ದು ಈ ಆಟ. 2013ರಲ್ಲಿ ಬಂದದ್ದು, ಹಳೆಯದು ನಿಜ, ಆದರೆ ನನಗೆ ತುಂಬಾ ಇಷ್ಟವಾಗಿದೆ. ಮೂರು ಟೈಲು ಕೂಡಿಸುವ ಆಟ ಬೇಕಾದಷ್ಟಿವೆ, ಇದರಲ್ಲಿ ನಾವೇ ಮೂರು ಜನ ಹೀರೋಗಳ ತಂಡ ಕಟ್ಟಬೇಕು, ಕೂಡಿಸಿದ ಬಣ್ಣವೇ ಅವರ ಶಕ್ತಿ ಬಳಸಲು ಬೇಕಾದ ಅಂಕ (ಎಪಿ) ಆಗುತ್ತದೆ, ಎದುರಾಳಿಯೂ ಅದೇ ಬೋರ್ಡಿನಲ್ಲಿ ಆಡುತ್ತಾನೆ.

ನನ್ನ ಕಷ್ಟ ಹೇಳುತ್ತೇನೆ. 2 ಸ್ಟಾರ್ ದರ್ಜೆಯ ಹೀರೋಗಳಲ್ಲಿ ಥೋರ್, ಸ್ಟಾರ್ಮ್, ವುಲ್ವರಿನ್ ಮೂವರನ್ನೂ ಲೆವೆಲ್ 94ಕ್ಕೆ ತಂದೆ. ಅಲ್ಲಿಯ ತನಕ ಸಲೀಸಾಗಿ ಗೆಲ್ಲುತ್ತಿದ್ದೆ. ಈಗ 3 ಸ್ಟಾರ್ ಕವರ್‌ಗಳು (ಹೀರೋನ ಶಕ್ತಿ ಬೆಳೆಸುವ ಕಾರ್ಡುಗಳು) ಬರುತ್ತಿವೆ, ಆದರೆ ಒಬ್ಬೊಬ್ಬರದು ಒಂದೋ ಎರಡೋ. ಬಂದವರಿಗೆಲ್ಲ ಲೆವೆಲ್ ಏರಿಸುವ ಐಸೋ-8 ಹಾಕಿದೆ, ಅದೂ ಖಾಲಿ. ಪಂದ್ಯದಲ್ಲಿ ಎದುರಾಳಿ ಒಂದು ಟೈಲು ಸರಿಸಿದರೆ ಮೇಲಿಂದ ಬಿದ್ದವೆಲ್ಲ ತಾನಾಗೇ ಕೂಡಿ ಕೂಡಿ ನನ್ನ ಸ್ಟಾರ್ಮ್ ಸತ್ತೇ ಹೋಗುತ್ತಾಳೆ. ಇದು ಬರೀ ಅದೃಷ್ಟವಾ? ದುಡ್ಡು ಕೊಟ್ಟು ಕವರ್ ತೆಗೆದುಕೊಂಡರೆ ಸರಿಹೋಗುತ್ತದಾ? ಆಡುತ್ತಿರುವವರು ದಯವಿಟ್ಟು ಹೇಳಿ.

ಕೋಥ್ರೂಡ್ ಅಕ್ಕ:

ದುಡ್ಡು ಈಗಲೇ ಹಾಕಬೇಡಿ. ಮೊದಲು ಸ್ಟಾರ್ಮ್ ಯಾಕೆ ಸಾಯುತ್ತಾಳೆ ಅಂತ ನೋಡೋಣ, ಯಾಕೆಂದರೆ ನಾನೂ ಇದೇ ಜಾಗದಲ್ಲಿ ತಿಂಗಳುಗಟ್ಟಲೆ ಸಿಕ್ಕಿಬಿದ್ದಿದ್ದೆ, ಕಾರಣ ಗೊತ್ತಾದ ದಿನವೇ ಆಟ ಬದಲಾಯಿತು.

ನೀವು ಯಾವ ಬಣ್ಣ ಕೂಡಿಸುತ್ತೀರೋ, ಆ ಬಣ್ಣದಲ್ಲಿ ನಿಮ್ಮ ಮೂವರ ಪೈಕಿ ಯಾರ ಪೆಟ್ಟು ಜೋರೋ ಅವರು ಮುಂದೆ ಬಂದು ನಿಲ್ಲುತ್ತಾರೆ. ಎದುರಾಳಿಯ ಮುಂದಿನ ಪೆಟ್ಟು ಬೀಳುವುದು ಮುಂದೆ ನಿಂತವರ ಮೇಲೆ. ಅಂದರೆ ಸ್ಟಾರ್ಮ್ ಜೋರಿರುವ ಬಣ್ಣ ಕೂಡಿಸಿದಾಗಲೆಲ್ಲ ನೀವೇ ಅವಳನ್ನು ಮುಂದೆ ನಿಲ್ಲಿಸಿದ ಹಾಗೆ. ಎದುರಾಳಿಯ ಮುಖದ ಮೇಲೆ ಒತ್ತಿ ನೋಡಿ, ಅವನ ಶಕ್ತಿಗೆ ಎಷ್ಟು ಎಪಿ ಬೇಕು ಅಂತ ಕಾಣುತ್ತದೆ. ಇನ್ನೇನು ತುಂಬುತ್ತದೆ ಅನ್ನುವಾಗ ಥೋರ್‌ನ ಬಣ್ಣ ಕೂಡಿಸಿ ಅವನನ್ನು ಮುಂದೆ ತನ್ನಿ. ಅವನು ತಡೆದುಕೊಳ್ಳುತ್ತಾನೆ.

ಎರಡನೆಯದು, ಮೇಲಿಂದ ಬೀಳುವ ಟೈಲು. ಬೋರ್ಡಿನ ಕೆಳಗಡೆ ಕೂಡಿಸಿದರೆ ಅದರ ಮೇಲಿನದೆಲ್ಲ ಜಾರುತ್ತದೆ, ಏನು ಬೇಕಾದರೂ ಕೂಡಿಕೊಳ್ಳಬಹುದು. ಮೇಲ್ಸಾಲಿನಲ್ಲಿ ಕೂಡಿಸಿದರೆ ಅಲುಗಾಡುವುದು ಕಡಿಮೆ. ನೀವು ಸೋಲುತ್ತಿರುವಾಗ ಕೆಳಗೆ ಆಡಿ, ಗೆಲ್ಲುತ್ತಿರುವಾಗ ಮೇಲೆ ಆಡಿ. ಅದೃಷ್ಟ ಇದ್ದೇ ಇದೆ, ಆದರೆ ಅದಕ್ಕೆ ಎಷ್ಟು ಜಾಗ ಕೊಡಬೇಕು ಅನ್ನುವುದು ನಮ್ಮ ಕೈಯಲ್ಲಿದೆ ಅಲ್ವಾ? ನಾಲ್ಕು ಕೂಡಿದರೆ ಇಡೀ ಸಾಲು ಒಡೆಯುತ್ತದೆ, ಐದು ಕೂಡಿದರೆ ಕ್ರಿಟಿಕಲ್ ಟೈಲು ಹುಟ್ಟುತ್ತದೆ, ಅದು ಯಾವ ಬಣ್ಣದ ಜೊತೆಗೂ ಸೇರುತ್ತದೆ, ಪೆಟ್ಟೂ ಜಾಸ್ತಿ. ನೀವು ಸರಿಸಿದ ಮೇಲೆ ಅಂಥದ್ದೊಂದು ಎದುರಾಳಿಗೆ ತೆರೆದುಕೊಳ್ಳುತ್ತದಾ ಅಂತ ಒಂದು ಕ್ಷಣ ನೋಡಿ, ಆಮೇಲೆ ಬೆರಳು ಎತ್ತಿ.

ಥೋರ್ ಇದ್ದಾನಲ್ಲ, ಅವನನ್ನು ಸರಿಯಾಗಿ ಬಳಸುತ್ತಿದ್ದೀರಾ? ಅವನ ಕೆಂಪು ಶಕ್ತಿ ಬೋರ್ಡಿನಲ್ಲಿ ಹಳದಿ ಟೈಲು ಹುಟ್ಟಿಸುತ್ತದೆ. ಹಳದಿ ಶಕ್ತಿ ಹಸಿರು ಹುಟ್ಟಿಸುತ್ತದೆ. ಹಸಿರು ಶಕ್ತಿ ಎದುರಿನ ಮೂವರಿಗೂ ಬಡಿಯುತ್ತದೆ. ಕೆಂಪು ತುಂಬಿತು ಅಂತ ತಕ್ಷಣ ಹೊಡೆಯಬೇಡಿ, ಹಳದಿ ಒಂದಷ್ಟು ಕೂಡಿಟ್ಟುಕೊಂಡು ಆಮೇಲೆ ಶುರುಮಾಡಿ, ಒಂದರ ಹಿಂದೆ ಒಂದು ಬರುತ್ತದೆ. ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ 2 ಸ್ಟಾರ್ ಹೀರೋ ಇನ್ನೊಬ್ಬನಿಲ್ಲ ಅಂತ ನನ್ನ ಅನಿಸಿಕೆ.

ಮಾಟುಂಗಾ ಶೆಟ್ರು:

ಅಕ್ಕ ಬೋರ್ಡಿನ ವಿಷಯ ಚೆನ್ನಾಗಿ ಹೇಳಿದರು, ನಾನು ಲೆಕ್ಕದ ವಿಷಯ ಹೇಳುತ್ತೇನೆ ಮಾರಾಯ್ರೆ. ಒಬ್ಬ ಹೀರೋ ಪೂರ್ತಿಯಾಗಲು 13 ಕವರ್ ಬೇಕು. ಮೂರು ಶಕ್ತಿ, ಒಂದೊಂದಕ್ಕೆ 5ರ ತನಕ, ಹಾಗಾಗಿ 5, 5, 3. ಕವರ್ ಕಡಿಮೆ ಇದ್ದರೆ ಲೆವೆಲ್‌ಗೂ ಮಿತಿ ಇದೆ, ಎಷ್ಟು ಐಸೋ ಸುರಿದರೂ ಮೇಲೆ ಹೋಗುವುದಿಲ್ಲ. 13 ಕವರ್ ತುಂಬಿದ 3 ಸ್ಟಾರ್‌ನ ಮಾಮೂಲಿ ತುದಿ 166. ನೀವು ಹತ್ತು ಜನಕ್ಕೆ ಸ್ವಲ್ಪ ಸ್ವಲ್ಪ ಹಂಚಿದ್ದರಿಂದ ಒಬ್ಬರೂ ಥೋರ್‌ನಷ್ಟು ಗಟ್ಟಿಯಾಗಲಿಲ್ಲ. ಇನ್ನು ಮುಂದೆ ಐಸೋ ಕೂಡಿಡಿ. ಯಾರ ಕವರ್ ಜಾಸ್ತಿ ಸೇರಿದೆಯೋ ಅವರಿಬ್ಬರಿಗೆ ಮಾತ್ರ ಹಾಕಿ. ಹೀರೋ ಪಾಯಿಂಟ್ (ಆಟದೊಳಗಿನ ಹಣ) ಬಂದರೆ ರೋಸ್ಟರ್‌ನಲ್ಲಿ, ಅಂದರೆ ನಿಮ್ಮ ಹೀರೋಗಳ ಪಟ್ಟಿಯಲ್ಲಿ, ಜಾಗ ತೆಗೆದುಕೊಳ್ಳಿ, ಜಾಗ ಇಲ್ಲದಿದ್ದರೆ ಬಂದ ಹೊಸ ಹೀರೋ ಕೈತಪ್ಪುತ್ತಾನೆ.

ಕವರ್ ಸಿಗುವ ಟೋಕನ್ ಒಡೆದಾಗ ಯಾರು ಬರುತ್ತಾರೆ ಅನ್ನುವುದು ಅದೃಷ್ಟ. ಬೇರೆ ಒಂದು ಆಟದಲ್ಲಿ ಹೀಗೆ ದುಡ್ಡು ಕೊಟ್ಟು ನನಗೆ ಬೇಕಾದವನು ಬರಲೇ ಇಲ್ಲ, ತಿಂಗಳ ಕೊನೆಗೆ ಲೆಕ್ಕ ನೋಡಿ ಹೊಟ್ಟೆ ಉರಿಯಿತು. ಆದ್ದರಿಂದ ಕೊಡಬೇಡಿ ಅಂತಲೇ ನನ್ನ ಮಾತು. ಇನ್ನೊಂದು, ಪಂದ್ಯಾವಳಿಗೆ ಸೇರುವಾಗ ಶೀಲ್ಡ್ ಕ್ಲಿಯರೆನ್ಸ್ ಲೆವೆಲ್ (ಎಷ್ಟು ಕಷ್ಟದ ಮಟ್ಟ ಅಂತ) ಕೇಳುತ್ತದಲ್ಲ, ಬಹುಮಾನದ ಆಸೆಗೆ ಮೇಲಿನದು ಒತ್ತಬೇಡಿ. ಒಂದು ಮೆಟ್ಟಿಲು ಕೆಳಗೆ ಆಡಿ ಪೂರ್ತಿ ಗೆದ್ದರೆ ಕೈಗೆ ಬರುವುದೇ ಜಾಸ್ತಿ.

ನಮ್ಮ ಅಜ್ಜಿ ಆಟಿ ತಿಂಗಳಲ್ಲಿ ಚೆನ್ನೆಮಣೆ ಆಡಿಸುತ್ತಿದ್ದರು. ನನ್ನ ಕಣ್ಣು ಯಾವಾಗಲೂ ನನ್ನ 7 ಗುಳಿಗಳ ಮೇಲೆ, ಅಜ್ಜಿಯ ಕಣ್ಣು 14ರ ಮೇಲೂ. ಈ ಆಟ ಆಡುವಾಗ ಅವರ ನೆನಪು ತುಂಬಾ ಬರುತ್ತದೆ. ಎದುರಾಳಿಗೆ ಯಾವ ಬಣ್ಣ ಬೇಕೋ ಅದನ್ನು ನೀವು ಮೊದಲು ಎತ್ತಿಬಿಡಿ. ನಿಮಗೆ ಉಪಯೋಗ ಇಲ್ಲದಿದ್ದರೂ ಸರಿ, ಅವನಿಗೆ ಸಿಗಬಾರದು.

ವಾಸ್ಕೋ ಟೀಚರ್:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಕವರ್, ಐಸೋ, ಲೆವೆಲ್ ಅಂತ ಕೂಡಿಸುವುದೇ ನನಗೆ ಹಿಡಿಸಲಿಲ್ಲ, ಅದು ಪಜಲ್‌ಗಿಂತ ಕಾಯುವ ಕೆಲಸ ಆಗುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಸ್ಕ್ರಿಬಲ್‌ನಾಟ್ಸ್ ಅನ್‌ಮಾಸ್ಕ್ಡ್ ನೋಡಿ. ಅದೂ 2013ರದೇ, ಡಿಸಿ ಹೀರೋಗಳದು, ಬ್ಯಾಟ್‌ಮನ್, ಸೂಪರ್‌ಮನ್ ಎಲ್ಲ ಇದ್ದಾರೆ. ಅಲ್ಲಿ ಬಣ್ಣ ಕೂಡಿಸುವುದಿಲ್ಲ, ಪದ ಬರೆಯಬೇಕು. ಬರೆದದ್ದು ಎದುರಿಗೆ ಬಂದು ನಿಲ್ಲುತ್ತದೆ. ಬೆಂಕಿ ಹತ್ತಿದರೆ ಆರಿಸಲು ಏನು ಬೇಕೋ ನೀವೇ ಯೋಚಿಸಿ ಬರೆಯಬೇಕು, ಬರೆದದ್ದನ್ನೇ ಮತ್ತೆ ಬರೆದರೆ ಸಿಗುವ ಅಂಕ ಕಡಿಮೆ. ಹಾಗಾಗಿ ತಲೆ ಪ್ರತಿ ಸಲ ಹೊಸದು ಹುಡುಕುತ್ತದೆ.

ನನ್ನ ಮಗಳು ಇದನ್ನು ಆಡುತ್ತಾ ಆಡುತ್ತಾ ಇಂಗ್ಲಿಷಿನ ಗುಣವಾಚಕಗಳನ್ನು ಕಲಿತಳು. ಮೊನ್ನೆ ಒಂದು ದಿನ ಕೇಳಿದಳು, ಅಮ್ಮಾ, ಇಲ್ಲಿ ಕನ್ನಡದಲ್ಲಿ ಬರೆಯಲು ಆಗುವುದಿಲ್ವಾ ಅಂತ. ಆಗುವುದಿಲ್ಲ ಪುಟ್ಟಾ ಅಂದೆ. ಅವಳು ಪುಸ್ತಕ ತೆಗೆದುಕೊಂಡು "ರೆಕ್ಕೆ ಇರುವ ಎಮ್ಮೆ", "ಕೋಪ ಬಂದ ಕೊಡೆ" ಅಂತ ಬರೆದು ಪಕ್ಕದಲ್ಲಿ ಚಿತ್ರ ಬಿಡಿಸುತ್ತಾ ಕೂತಳು. ಗೋವಾದಲ್ಲಿ ಅವಳು ಕನ್ನಡ ಬರೆಯುವುದೇ ಅಪರೂಪ. ಯಾರಾದರೂ ಇಂಥದ್ದೊಂದು ಆಟ ಕನ್ನಡದಲ್ಲಿ ಮಾಡಿದರೆ ನಾನು ಅದೇ ದಿನ ಕೊಳ್ಳುತ್ತೇನೆ.

ಡೊಂಬಿವಲಿ ಫಾಸ್ಟ್:

ಮೂವರಿಗೂ ತುಂಬಾ ಧನ್ಯವಾದ. ದುಡ್ಡು ಹಾಕುವುದಿಲ್ಲ. ಇವತ್ತು ಬೆಳಗ್ಗೆ ಅಕ್ಕ ಹೇಳಿದಂತೆ ಥೋರ್‌ನನ್ನು ಮುಂದೆ ತಂದು, ಶೆಟ್ರು ಹೇಳಿದಂತೆ ಎದುರಾಳಿಯ ನೇರಳೆ ಬಣ್ಣ ಪೂರ್ತಿ ನಾನೇ ಎತ್ತಿಕೊಂಡು ಆಡಿದೆ. ಥಾಣೆಯಲ್ಲಿ ಶುರುಮಾಡಿದ ಪಂದ್ಯ ಘಾಟ್‌ಕೋಪರ್ ಬರುವಷ್ಟರಲ್ಲಿ ಮುಗಿಯಿತು, ಸ್ಟಾರ್ಮ್‌ಗೆ ಒಂದೇ ಪೆಟ್ಟು ಬಿದ್ದಿತ್ತು.

ಟೀಚರ್, ಮಗಳು ಬರೆದ ಎಮ್ಮೆಯ ಚಿತ್ರ ಒಂದನ್ನು ಇಲ್ಲಿ ಹಾಕುತ್ತೀರಾ? ನನ್ನ ತಮ್ಮನ ಮಗನಿಗೆ ತೋರಿಸಬೇಕು.