ಗೋಧಿ ಬಿಟ್ಟಿದೀವಿ, ಆದ್ರೂ ಮಗಳಿಗೆ ಹೊಟ್ಟೆನೋವು

ಪ್ರಶ್ನೆ: ಮಗಳಿಗೆ ಸೀಲಿಯಾಕ್ (ಗೋಧಿಲಿರೋ ಗ್ಲುಟನ್ ಅನ್ನೋ ಅಂಟಿನ ಪ್ರೋಟೀನ್ ಆಗದಿರೋ ಕಾಯಿಲೆ) ಅಂತ ಗೊತ್ತಾಗಿ ಎರಡು ತಿಂಗಳಾಯ್ತು, ಚಪಾತಿ, ರವೆ ಉಪ್ಪಿಟ್ಟು, ಶ್ಯಾವಿಗೆ ಎಲ್ಲಾ ನಿಲ್ಸಿದೀವಿ ಆದ್ರೂ ಆಗಾಗ ಹೊಟ್ಟೆನೋವು ಅಂತಾಳೆ, ಎಲ್ಲಿ ತಪ್ತಿದೀವೋ ಗೊತ್ತಾಗ್ತಿಲ್ಲ. ಜೋಳದ ರೊಟ್ಟಿ ಬೇರೆ ತಟ್ಟೋವಾಗ್ಲೇ ಒಡೆಯುತ್ತೆ.

ಉತ್ತರ 1: ಮೊದ್ಲು ಇಂಗಿನ ಡಬ್ಬಿ ನೋಡಿ! ಅಂಗಡಿ ಇಂಗಿಗೆ ಎಷ್ಟೋ ಸಲ ಮೈದಾ ಬೆರೆಸಿರ್ತಾರೆ, ನಮ್ಮನೇಲಿ ಸಾರಿನ ಒಗ್ಗರಣೆಯಿಂದ್ಲೇ ಗೋಧಿ ಹೊಟ್ಟೆಗೆ ಹೋಗ್ತಿತ್ತು. ಅಕ್ಕಿ ಹಿಟ್ಟು ಬೆರೆಸಿರೋದೂ ಸಿಗುತ್ತೆ. ಸಾಮಾನ್ಯ ಸೋಯಾ ಸಾಸಲ್ಲೂ ಗೋಧಿ ಇರುತ್ತೆ. ಗಿರಣಿಲಿ ಗೋಧಿ ಬೀಸೋ ಕಲ್ಲಲ್ಲೇ ರಾಗಿ ಬೀಸಿಸ್ಬೇಡಿ, ಮಿಕ್ಸ್ ಆಗುತ್ತೆ.

ಉತ್ತರ 2: ಜೋಳದಲ್ಲಿ ಗ್ಲುಟನ್ ಇಲ್ವಲ್ಲ, ಅದಕ್ಕೇ ಅಂಟು ಬರಲ್ಲ. ಕುದಿಯೋ ನೀರು ಹಾಕಿ, ಬಿಸಿ ಇರೋವಾಗ್ಲೇ ಚೆನ್ನಾಗಿ ನಾದಿ. ಹಿಟ್ಟು ಹೊಸದಿರ್ಲಿ.

ಕೇಳಿದವರು: ಅಯ್ಯೋ, ಈಗ್ಲೇ ನೋಡ್ದೆ, ಡಬ್ಬಿ ಮೇಲೆ ಮೈದಾ ಅಂತ್ಲೇ ಇದೆ! ತುಂಬಾ ಥ್ಯಾಂಕ್ಸ್.