55 ದಾಟಿದವರಿಗೆ ಕಮ್ಯುನಿಟಿ ಕಾಲೇಜಿನಿಂದ ನಿಜವಾಗಿ ಏನಾದರೂ ಉಪಯೋಗ ಇದೆಯಾ?

ನಿಧಾನಿ

ನನಗೆ ಈಗ 57. ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದೇನೆ. ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ಬಿಲ್ ನೋಡುವುದು, ಸರಕು ಕೊಡುವವರ ಜೊತೆ ಜಗ್ಗಾಡುವುದು, ತಿಂಗಳ ಕೊನೆಗೆ ಲೆಕ್ಕ ತಾಳೆ ಮಾಡುವುದು, ಇಂಥದ್ದು. ಈ ವರ್ಷ ಆ ವಿಭಾಗವನ್ನೇ ಮುಚ್ಚಿದರು. ಅರ್ಧ ಕೆಲಸ ಸಾಫ್ಟ್‌ವೇರ್ ಪಾಲಾಯಿತು, ಉಳಿದರ್ಧ ಬೇರೆ ರಾಜ್ಯಕ್ಕೆ ಹೋಯಿತು. ಇಂಡಿಯಾದಲ್ಲಿ ಮಾಡಿದ ಮೂರು ವರ್ಷದ ಬಿಕಾಂ ಇದೆ, ಅದು ಬಿಟ್ಟರೆ ಬೇರೆ ಡಿಗ್ರಿ ಇಲ್ಲ.

1960ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ ಸೋಶಿಯಲ್ ಸೆಕ್ಯುರಿಟಿ (ಸರ್ಕಾರದ ಪಿಂಚಣಿ) ಪೂರ್ತಿ ಸಿಗುವುದು 67ಕ್ಕೆ. 62ಕ್ಕೇ ಶುರು ಮಾಡಿಕೊಂಡರೆ ತಿಂಗಳ ಹಣದಲ್ಲಿ ಶೇ. 30 ಖಾಯಂ ಕಡಿತ. ಅಂದರೆ ಇನ್ನು ಹತ್ತು ವರ್ಷ ದುಡಿಯಲೇಬೇಕು, ಅಲ್ವಾ?

ಹತ್ತಿರದ ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸರ್ಕಾರಿ ಕಾಲೇಜು) ಕೋರ್ಸ್ ಪಟ್ಟಿ ತರಿಸಿ ನೋಡಿದೆ. ಒಂದು ಕಡೆ ಹಿರಿಯರಿಗೆ ಅಂತ ಜಲವರ್ಣ, ಯೋಗ, ಆತ್ಮಕಥೆ ಬರೆಯುವುದು. ಇನ್ನೊಂದು ಕಡೆ ಹೈಸ್ಕೂಲ್ ಮುಗಿಸಿದ ಹುಡುಗರಿಗೆ ಎರಡು ವರ್ಷದ ಡಿಗ್ರಿ, ಅದೂ ನನಗೆ ಗೊತ್ತಿರುವುದನ್ನೇ ಮೊದಲಿನಿಂದ ಕಲಿಸುವಂಥದ್ದು. ನಡುವೆ ಇರುವ ನನ್ನಂಥವರಿಗೆ ಏನಿದೆ? 60 ಆದಮೇಲೆ ಟ್ಯೂಷನ್ ಇಲ್ಲ ಅಂತ ದೊಡ್ಡದಾಗಿ ಬರೆದಿದ್ದಾರೆ. ನನಗೆ ಕೆಲಸ ಬೇಕಾಗಿರುವುದು ಈಗ, ಇನ್ನು ಮೂರು ವರ್ಷ ಆದಮೇಲೆ ಅಲ್ಲ.

ಕಾಲೇಜಿನಲ್ಲಿ ಪಾಠ ಮಾಡುವವರು, ವಯಸ್ಸಾದಮೇಲೆ ಹೋಗಿ ಓದಿದವರು ಇಲ್ಲಿದ್ದರೆ ಹೇಳಿ. ಈ ಕಾಲೇಜುಗಳು ನಮಗೆ ಏನು ಮಾಡಬಹುದು, ಏನು ಮಾಡುತ್ತಿಲ್ಲ? ಸುಮ್ನೆ ಹುರಿದುಂಬಿಸುವ ಮಾತು ಬೇಡ, ಅದು ಮನೆಯಲ್ಲೇ ಸಾಕಷ್ಟು ಸಿಗುತ್ತಿದೆ.

ಮೂರನೇ ಕೌಂಟರ್

ನಾನು ಇಂಥದೇ ಒಂದು ಕಾಲೇಜಿನ ವಿದ್ಯಾರ್ಥಿ ಸಲಹಾ ವಿಭಾಗದಲ್ಲಿದ್ದೇನೆ, ಬೇರೆ ರಾಜ್ಯದಲ್ಲಿ. ಹೊರಗಿನಿಂದ ಕಾಣದ ಒಂದು ವಿಷಯ ಮೊದಲು ಹೇಳುತ್ತೇನೆ. ಹೆಸರು ಒಂದೇ ಇದ್ದರೂ ಒಳಗೆ ಎರಡು ಕಾಲೇಜುಗಳಿರುತ್ತವೆ. ಕ್ರೆಡಿಟ್ ವಿಭಾಗ ಡಿಗ್ರಿ ಕೊಡುತ್ತದೆ, ಫೆಡರಲ್ (ಕೇಂದ್ರ ಸರ್ಕಾರದ) ಸಹಾಯಧನ ಬಹುತೇಕ ಅಲ್ಲಿಗೇ ಬರುತ್ತದೆ. ಡಿಗ್ರಿಗೆ ಸೇರದ ನಾನ್‌ಕ್ರೆಡಿಟ್ ವಿಭಾಗದಲ್ಲಿ ಜಲವರ್ಣವೂ ಇರುತ್ತದೆ, ಫ್ಲೆಬಾಟಮಿ (ಪರೀಕ್ಷೆಗೆ ರಕ್ತ ತೆಗೆಯುವುದು), ಟ್ರಕ್ ಲೈಸೆನ್ಸ್, ಬುಕ್‌ಕೀಪಿಂಗ್ ತರಹದ ಚಿಕ್ಕ ಕೋರ್ಸ್‌ಗಳೂ ಇರುತ್ತವೆ. 50 ದಾಟಿದವರಿಗೆ ಬೇಕಾದ ಚಿಕ್ಕ ಕೋರ್ಸ್ ಇರುವುದು ಎರಡನೇ ಕಡೆ, ಹಣ ಇರುವುದು ಮೊದಲನೇ ಕಡೆ. ಎರಡೂ ಆಫೀಸಿನವರು ಒಬ್ಬರಿಗೊಬ್ಬರು ಮಾತಾಡುವುದು ಕಡಿಮೆ. ನಿಮಗೆ ನಡುವೆ ಏನೂ ಕಾಣದೆ ಇರುವುದಕ್ಕೆ ಇದೇ ಕಾರಣ.

ಪೆಲ್ ಗ್ರಾಂಟ್ ಅಂದರೆ ಕಡಿಮೆ ಆದಾಯದವರಿಗೆ ಓದಲು ಕೊಡುವ ಫೆಡರಲ್ ಹಣ, ವಾಪಸ್ ಕಟ್ಟಬೇಕಿಲ್ಲ. ಅದಕ್ಕೆ ವಯಸ್ಸಿನ ಮಿತಿ ಇಲ್ಲ. ಆದರೆ ಬ್ಯಾಚುಲರ್ ಡಿಗ್ರಿ ಇದ್ದವರಿಗೆ ಸಿಗುವುದಿಲ್ಲ, ಹೊರದೇಶದ ಡಿಗ್ರಿಯನ್ನೂ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತಾರೆ. ಕೆಲಸ ಕೊಡುವವರು ಲೆಕ್ಕಕ್ಕೇ ತೆಗೆದುಕೊಳ್ಳದ ನಿಮ್ಮ ಬಿಕಾಂ ಇಲ್ಲಿ ಮಾತ್ರ ಅಡ್ಡ ಬರುತ್ತದೆ, ನೋಡಿ ಹೇಗಿದೆ! ಇದಕ್ಕೊಂದು ದಾರಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ಡಿಗ್ರಿ ಇಲ್ಲಿನ ಬ್ಯಾಚುಲರ್‌ಗೆ ಸಮ ಅಲ್ಲ ಅನ್ನುವುದಕ್ಕೆ ಲಿಖಿತ ದಾಖಲೆ ಕೊಟ್ಟರೆ, ನಿಮ್ಮ ಹತ್ತಿರ ಬ್ಯಾಚುಲರ್ ಇಲ್ಲ ಅಂತ ಪರಿಗಣಿಸಲು ಕಾಲೇಜಿನ ಸಹಾಯಧನ ಆಫೀಸಿಗೆ ಅಧಿಕಾರ ಇದೆ. ಮೂರು ವರ್ಷದ ಬಿಕಾಂ ಅನ್ನು ಮೌಲ್ಯಮಾಪನ ಸಂಸ್ಥೆಗಳು ಎಷ್ಟೋ ಸಲ ಇಲ್ಲಿನ ನಾಲ್ಕು ವರ್ಷಕ್ಕೆ ಸಮ ಅನ್ನುವುದಿಲ್ಲ. ಆ ವರದಿ ತೆಗೆದುಕೊಂಡು ಹೋಗಿ ಕೇಳಿ. ನಿರ್ಧಾರ ಅವರದು, ಆದರೆ ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ. ಹಾಗೆಯೇ ಈ ಸಹಾಯಧನಕ್ಕೆ ತುಂಬುವ ಫಾಫ್ಸಾ ಅರ್ಜಿ ನಿಮ್ಮ ಹಳೇ ವರ್ಷದ ಆದಾಯ ನೋಡುತ್ತದೆ, ಆಗ ನಿಮಗೆ ಸಂಬಳ ಇತ್ತು. ಕೆಲಸ ಹೋದ ಪತ್ರ ತೋರಿಸಿ, ಈಗಿನ ಆದಾಯ ನೋಡಿ ಅಂತ ಅರ್ಜಿ ಕೊಡಬಹುದು.

2026ರ ಜುಲೈ 1ರಿಂದ ವರ್ಕ್‌ಫೋರ್ಸ್ ಪೆಲ್ ಅಂತ ಹೊಸದು ಜಾರಿಗೆ ಬರುತ್ತದೆ. 8 ವಾರದಿಂದ 15 ವಾರದೊಳಗಿನ, 150ರಿಂದ 599 ಗಂಟೆಯ ಕೋರ್ಸ್‌ಗಳಿಗೆ. 57ರಲ್ಲಿ ಎರಡು ವರ್ಷ ಕೂತು ಓದಲು ಯಾರಿಗೆ ಆಗುತ್ತದೆ? ಎರಡು ತಿಂಗಳು ಅಂದರೆ ಯೋಚನೆ ಮಾಡಬಹುದು.

ಕೊನೇ ಬೆಂಚು 68

ಮೇಲಿನದೆಲ್ಲ ಸರಿ. ಆದರೆ ಕೋರ್ಸ್ ಮುಗಿಸಿದ ಮರುದಿನ ಏನಾಗುತ್ತದೆ ಅಂತ ಯಾರೂ ಹೇಳುವುದಿಲ್ಲ.

ನಾನು 60 ದಾಟಿದಮೇಲೆ ಮೆಡಿಕಲ್ ಕೋಡಿಂಗ್ (ಚಿಕಿತ್ಸೆಗಳನ್ನು ಬಿಲ್ಲಿಗೆ ಬೇಕಾದ ಕೋಡ್‌ಗಳಲ್ಲಿ ಬರೆಯುವುದು) ಕೋರ್ಸ್ ಮಾಡಿದೆ. ಮನೆಯಲ್ಲೇ ಕೂತು ಮಾಡುವ ಕೆಲಸ, ವಯಸ್ಸು ಯಾರೂ ಕೇಳುವುದಿಲ್ಲ ಅಂತ ಕಾಲೇಜಿನವರು ಹೇಳಿದ್ದರು. ಪರೀಕ್ಷೆ ಪಾಸಾದೆ. ಸರ್ಟಿಫಿಕೇಟ್‌ನಲ್ಲಿ ಸಿಪಿಸಿ (ಕೋಡಿಂಗ್ ಮಾಡುವವರ ಅರ್ಹತೆಯ ಹೆಸರು) ಪಕ್ಕ ಒಂದು ‘ಎ’ ಅಂಟಿಕೊಂಡು ಬಂತು, ಅಪ್ರೆಂಟಿಸ್ ಅಂತ. ಅದು ಹೋಗಬೇಕಾದರೆ ಅನುಭವ ಬೇಕು, ಅನುಭವಕ್ಕೆ ಕೆಲಸ ಬೇಕು, ಕೆಲಸ ಕೊಡುವವರಿಗೆ ‘ಎ’ ಇಲ್ಲದವರು ಬೇಕು. ಇದನ್ನು ಕೋರ್ಸ್ ಸೇರುವ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. 40 ದಾಟಿದವರನ್ನು ವಯಸ್ಸು ನೋಡಿ ತಳ್ಳಬಾರದು ಅಂತ 1967ರಿಂದ ಕಾನೂನು ಇದೆ, 20 ಜನಕ್ಕಿಂತ ಕಡಿಮೆ ಇರುವ ಕಂಪನಿಗೆ ಅದೂ ಅನ್ವಯಿಸುವುದಿಲ್ಲ. ಇನ್ನು ಅನ್ವಯಿಸುವ ಕಡೆ ಇಂಟರ್ವ್ಯೂಗೇ ಕರೆಯದೆ ಇದ್ದರೆ ಏನು ಸಾಬೀತು ಮಾಡುತ್ತೀರಿ?

ಹಾಗಾಗಿ ನನ್ನ ಪ್ರಕಾರ ಕಾಲೇಜು ಮಾಡಬೇಕಾದ ಕೆಲಸ ಒಂದೇ. ಕೋರ್ಸ್ ಶುರುವಾಗುವ ಮೊದಲೇ, ಯಾವ ಆಸ್ಪತ್ರೆ, ಯಾವ ಆಫೀಸು, ಯಾವ ಶಾಲೆ ಇಂಥವರನ್ನು ತೆಗೆದುಕೊಳ್ಳುತ್ತದೆ ಅಂತ ಮಾತಾಡಿ ಮುಗಿಸಿರಬೇಕು. ಕೋರ್ಸ್‌ನ ಒಳಗೇ ಒಂದಷ್ಟು ವಾರ ಅಲ್ಲಿ ಕೆಲಸ ಮಾಡಿಸಬೇಕು. ಎದುರಿಗೆ ನಿಂತು ಕೆಲಸ ಮಾಡಿ ತೋರಿಸಿದವರನ್ನು ವಯಸ್ಸಿನ ಕಾರಣಕ್ಕೆ ಕಳಿಸುವುದು ಕಷ್ಟ, ರೆಸ್ಯೂಮೆ ಕಸದ ಬುಟ್ಟಿಗೆ ಹಾಕುವುದು ಸುಲಭ. ಇದು ಆಗದಿದ್ದರೆ ಉಳಿದದ್ದೆಲ್ಲ ಫೀಸು ವಸೂಲಿ.

ಮೂರನೇ ಕೌಂಟರ್

@ಕೊನೇ ಬೆಂಚು 68, ವಾದ ಮಾಡುವುದಿಲ್ಲ, ನಿಮ್ಮ ಮಾತು ಸರಿ. ಒಂದು ಸೇರಿಸುತ್ತೇನೆ. ವರ್ಕ್‌ಫೋರ್ಸ್ ಪೆಲ್ ಪಡೆಯುವ ಕೋರ್ಸ್‌ನಲ್ಲಿ ಶೇ. 70 ಜನ ಮುಗಿಸಿರಬೇಕು, ಶೇ. 70 ಜನರಿಗೆ ಕೆಲಸ ಸಿಕ್ಕಿರಬೇಕು ಅನ್ನುವ ಷರತ್ತಿದೆ. ಕೇಳಲು ಚೆನ್ನಾಗಿದೆ. ನನ್ನ ಭಯ ಏನೆಂದರೆ, ಲೆಕ್ಕ ಚೆನ್ನಾಗಿ ಕಾಣಲಿ ಅಂತ ಕಾಲೇಜುಗಳು ಬೇಗ ಕೆಲಸ ಸಿಗುವ 25ರ ಹುಡುಗರನ್ನೇ ಕರೆದು, 58ರವರನ್ನು ಮೆಲ್ಲಗೆ ಜಲವರ್ಣದ ಕಡೆ ತಿರುಗಿಸಬಹುದು. ಯಾರೂ ಬೇಡ ಅನ್ನುವುದಿಲ್ಲ. ‘ಇದು ನಿಮಗೆ ಕಷ್ಟ ಆಗಬಹುದು’ ಅಂತಾರೆ, ಅಷ್ಟೇ.

ಸಂಜೆ ಕ್ಲಾಸು

ನಾನು ಸಂಜೆ ಹೊತ್ತು ಗಣಿತ ಕಲಿಸುತ್ತೇನೆ, ಪಾರ್ಟ್ ಟೈಮ್. ನನ್ನ ಕ್ಲಾಸಿನಲ್ಲಿ 19ರವರೂ ಇರುತ್ತಾರೆ, 61ರವರೂ ಇರುತ್ತಾರೆ.

ದೊಡ್ಡವರು ಬಿಟ್ಟು ಹೋಗುವುದು ಗಣಿತ ಬರದೆ ಅಲ್ಲ. ಮೊದಲ ಎರಡು ವಾರದಲ್ಲಿ ಹೋಗುತ್ತಾರೆ, ಅದೂ ಪೋರ್ಟಲ್ ದೆಸೆಯಿಂದ. ಹೋಮ್‌ವರ್ಕ್ ಒಂದು ಸೈಟಿನಲ್ಲಿ, ಮಾರ್ಕ್ಸ್ ಇನ್ನೊಂದರಲ್ಲಿ, ಪುಸ್ತಕಕ್ಕೆ ಬೇರೆ ಪಾಸ್‌ವರ್ಡ್, ಪರೀಕ್ಷೆ ಬರೆಯುವಾಗ ಕಣ್ಣು ಅತ್ತಿತ್ತ ಹೋದರೆ ನಕಲು ಅಂತ ಗುರುತು ಹಾಕುವ ಕ್ಯಾಮೆರಾ ಸಾಫ್ಟ್‌ವೇರ್. ಬೈಫೋಕಲ್ ಹಾಕಿಕೊಂಡವರು ತಲೆ ಮೇಲೆ ಕೆಳಗೆ ಮಾಡದೆ ಸ್ಕ್ರೀನ್ ಓದುವುದು ಹೇಗೆ ಸ್ವಾಮಿ? ಹೊಸ ಸಾಫ್ಟ್‌ವೇರ್ ಬಳಸುವ ವೇಗ ವಯಸ್ಸಿನ ಜೊತೆ ಸ್ವಲ್ಪ ಇಳಿಯುತ್ತದೆ, ಅದು ನಿಜ. ಆದರೆ ಬಡ್ಡಿ ಲೆಕ್ಕ, ಶೇಕಡಾವಾರು, ಅಂದಾಜು ಇವುಗಳಲ್ಲಿ ಅವರನ್ನು ಹಿಡಿಯಲು ಆಗುವುದಿಲ್ಲ, ಜೀವನದಲ್ಲಿ ಮಾಡಿ ಬಂದಿರುತ್ತಾರೆ. ಕ್ಲಾಸು ಶುರುವಾಗುವ ಮುಂಚೆ ಒಂದು ಶನಿವಾರ ಬರೀ ಲಾಗಿನ್ ಮಾಡುವುದನ್ನು ಹೇಳಿಕೊಟ್ಟರೆ ಎಷ್ಟೋ ಜನ ಉಳಿಯುತ್ತಾರೆ. ಇದಕ್ಕೆ ದೊಡ್ಡ ಬಜೆಟ್ ಏನೂ ಬೇಡ, ಒಂದು ಕೋಣೆ ಮತ್ತು ತಾಳ್ಮೆ ಇರುವ ಒಬ್ಬ ಮನುಷ್ಯ ಸಾಕು.

1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಮೊದಲ ಸರ್ಕಾರಿ ಜೂನಿಯರ್ ಕಾಲೇಜು (ಕಮ್ಯುನಿಟಿ ಕಾಲೇಜಿನ ಹಳೇ ಹೆಸರು) ಶುರುವಾಗಿದ್ದೇ ಹೈಸ್ಕೂಲ್ ಮುಗಿಸಿದವರಿಗೆ ಅಂತ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು, ಅವರ ಓದಿಗೆ ಹಣ ಕೊಡುವ 1944ರ ಜಿಐ ಬಿಲ್ ಹಿಡಿದುಕೊಂಡು ಬಂದಾಗ ಕಾಲೇಜುಗಳು ಬದಲಾದವು. ಈಗ ಬದಲಾಗುವುದಕ್ಕೆ ಏನು ಅಡ್ಡಿ ಅಂತ ನನ್ನ ಪ್ರಶ್ನೆ. ಆ ಯುದ್ಧದ ನಂತರ ಹುಟ್ಟಿದ ಬೂಮರ್ ಪೀಳಿಗೆಯ ಕೊನೆಯವರು 1964ರಲ್ಲಿ ಹುಟ್ಟಿದವರು, 2030ರ ಹೊತ್ತಿಗೆ ಅವರೆಲ್ಲ 65 ದಾಟಿರುತ್ತಾರೆ. ಕಮ್ಯುನಿಟಿ ಕಾಲೇಜುಗಳ ರಾಷ್ಟ್ರೀಯ ಸಂಘ 2008ರಲ್ಲೇ ‘ಪ್ಲಸ್ 50’ ಅಂತ ಒಂದು ಯೋಜನೆ ಶುರು ಮಾಡಿತ್ತು, 50 ದಾಟಿದವರನ್ನು ಕೆಲಸಕ್ಕೆ ತಯಾರು ಮಾಡುವುದೂ ಅದರಲ್ಲಿತ್ತು. ಅಂದರೆ ವಿಷಯ ಗೊತ್ತಿಲ್ಲದೆ ಏನಿಲ್ಲ. ಇಂಥ ಯೋಜನೆಗಳು ಹೊರಗಿನ ಅನುದಾನದ ಮೇಲೆ ನಿಂತಿರುತ್ತವೆ, ಅದು ಮುಗಿದಾಗ ಆ ಕೆಲಸ ನೋಡಿಕೊಳ್ಳುತ್ತಿದ್ದವರಿಗೆ ಬೇರೆ ಕುರ್ಚಿ ಕೊಡುತ್ತಾರೆ.

ನಿಧಾನಿಯವರಿಗೆ ಒಂದು ಮಾತು. ಗೊತ್ತಿರುವುದನ್ನೇ ಮತ್ತೆ ಕಲಿಯಬೇಡಿ. ಕ್ಲಾಸಿಗೆ ಹೋಗದೆ ಪರೀಕ್ಷೆ ಬರೆದೇ ಕ್ರೆಡಿಟ್ ಪಡೆಯುವ ಕ್ಲೆಪ್ ಪರೀಕ್ಷೆಗಳಲ್ಲಿ ಫೈನಾನ್ಶಿಯಲ್ ಅಕೌಂಟಿಂಗ್ ಇದೆ, 90 ನಿಮಿಷದ್ದು. ನಿಮ್ಮ ಕಾಲೇಜು ಅದನ್ನು ಒಪ್ಪಿಕೊಂಡರೆ ಒಂದು ಸೆಮಿಸ್ಟರ್‌ನ ಪಾಠ ತಪ್ಪುತ್ತದೆ. ಹಳೇ ಅನುಭವಕ್ಕೆ ಕ್ರೆಡಿಟ್ ಕೊಡುವ ವ್ಯವಸ್ಥೆ ಏನಿದೆ ಅಂತ ಅಡ್ಮಿಷನ್ ಕಿಟಕಿಯಲ್ಲಿ ಕೇಳಬೇಡಿ, ಅಲ್ಲಿರುವವರಿಗೆ ಗೊತ್ತಿರುವುದಿಲ್ಲ. ಅಕೌಂಟಿಂಗ್ ವಿಭಾಗದ ಮುಖ್ಯಸ್ಥರನ್ನೇ ಹುಡುಕಿ ಕೇಳಿ.

ಬಣ್ಣದ ಡಬ್ಬಿ

ಎಲ್ಲರೂ ಜಲವರ್ಣಕ್ಕೆ ಯಾಕೆ ಬೈಯುತ್ತೀರಿ? ನನಗೆ 71. ಕೆಲಸ ಬೇಡ ನನಗೆ. ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಇಲ್ಲಿ ಹಿರಿಯರ ನಾನ್‌ಕ್ರೆಡಿಟ್ ಕ್ಲಾಸುಗಳಿಗೆ ರಾಜ್ಯವೇ ಹಣ ಕೊಡುತ್ತದೆ. ಸಾಂಟಾ ಮೋನಿಕಾ ಕಾಲೇಜಿನ ಹಿರಿಯರ ವಿಭಾಗ ಎಮೆರಿಟಸ್ 1975ರಿಂದ ನಡೆಯುತ್ತಿದೆ. ಗಂಡ ಹೋದಮೇಲೆ ವಾರದಲ್ಲಿ ನಾನು ಮಾತಾಡುವ ಹೊಸ ಜನ ಅಂದರೆ ಕ್ಲಾಸಿನವರೇ. ಇದೂ ಕಾಲೇಜಿನ ಕೆಲಸ ಅಲ್ವಾ?

ಆದರೆ 60ಕ್ಕೆ ಫ್ರೀ, 65ಕ್ಕೆ ಫ್ರೀ ಅನ್ನುವುದರ ಬಗ್ಗೆ ನಿಮ್ಮ ಜೊತೆ ಒಪ್ಪುತ್ತೇನೆ. ನನ್ನ ಅಕ್ಕ ವರ್ಜೀನಿಯಾದಲ್ಲಿದ್ದಾಳೆ, ಅಲ್ಲಿ 1974ರಿಂದ ಆ ಕಾನೂನು ಇದೆ. ಫೀಸು ಕೊಡುವವರೆಲ್ಲ ಸೇರಿ ಜಾಗ ಮಿಕ್ಕಿದ್ದರೆ ಮಾತ್ರ ನಿಮಗೆ ಸೀಟು. ಮದುವೆ ಮನೆಯ ಕೊನೇ ಪಂಕ್ತಿ ಇದ್ದ ಹಾಗೆ, ಬಡಿಸುವ ಹೊತ್ತಿಗೆ ಏನು ಉಳಿದಿರುತ್ತದೋ ಅದು. ನನಗೆ ಪರವಾಗಿಲ್ಲ, ಈ ಸಲ ಸಿಗದಿದ್ದರೆ ಮುಂದಿನ ಸಲ. ಕೆಲಸ ಹುಡುಕುವವರಿಗೆ ಇದನ್ನು ದೊಡ್ಡ ಉಪಕಾರ ಅಂತ ಹೇಳುವುದು ಸರಿಯಲ್ಲ.

ನಿಧಾನಿ

ಎಲ್ಲರಿಗೂ ಥ್ಯಾಂಕ್ಸ್. ಬಣ್ಣದ ಡಬ್ಬಿ ಅವರೇ, ಬೈದಿದ್ದು ಜಲವರ್ಣಕ್ಕಲ್ಲ. 57 ಅಂದ ಕೂಡಲೇ ಅದೇ ಪುಟ ತೆಗೆದು ತೋರಿಸುತ್ತಾರಲ್ಲ, ಅದಕ್ಕೆ.

ಬಿಕಾಂ ದಾಖಲೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಒಂದು ಅನುಮಾನ. ನಿರುದ್ಯೋಗ ಭತ್ಯೆ ಬರುತ್ತಿದೆ. ಹಗಲು ಕ್ಲಾಸಿಗೆ ಸೇರಿದರೆ ‘ನೀವು ಕೆಲಸಕ್ಕೆ ಲಭ್ಯ ಇಲ್ಲ’ ಅಂತ ಅದನ್ನು ನಿಲ್ಲಿಸಿಬಿಡುತ್ತಾರಾ? ಇನ್ನೊಂದು, ಹತ್ತಿರದ ಇನ್ನೊಂದು ಕಾಲೇಜಿನಲ್ಲಿ ಪೇರೋಲ್ (ನೌಕರರ ಸಂಬಳದ ಲೆಕ್ಕ) ಕೋರ್ಸ್ ಇದೆ, ಈ ವಾರ ಹಣ ಕಟ್ಟಿದರೆ ರಿಯಾಯಿತಿ ಅಂತಿದ್ದಾರೆ. ಕಟ್ಟಲಾ?

ಮೂರನೇ ಕೌಂಟರ್

ಕಟ್ಟಬೇಡಿ! ಮೊದಲು ಅಮೆರಿಕನ್ ಜಾಬ್ ಸೆಂಟರ್‌ಗೆ (ಸರ್ಕಾರಿ ಉದ್ಯೋಗ ಕೇಂದ್ರ) ಹೋಗಿ. ಕೆಲಸ ಕಳೆದುಕೊಂಡವರ ತರಬೇತಿಗೆ 2014ರ ವಿಯೋವಾ ಕಾನೂನಿನಲ್ಲಿ ಹಣ ಇದೆ, ಅದಕ್ಕೂ ವಯಸ್ಸಿನ ಮೇಲ್ಮಿತಿ ಇಲ್ಲ. ಆ ಕೋರ್ಸ್ ರಾಜ್ಯದ ಒಪ್ಪಿಗೆ ಪಟ್ಟಿಯಲ್ಲಿರಬೇಕು, ಮತ್ತು ಅವರು ಒಪ್ಪುವ ಮೊದಲೇ ನೀವು ಸೇರಿಬಿಟ್ಟರೆ ಕಟ್ಟಿದ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ರಿಯಾಯಿತಿ ಮುಂದಿನ ತಿಂಗಳೂ ಇರುತ್ತದೆ.

ಭತ್ಯೆಗೂ ಅದೇ ದಾರಿ. ರಾಜ್ಯ ಒಪ್ಪಿದ ತರಬೇತಿಯಲ್ಲಿರುವವರಿಗೆ, ತರಬೇತಿಯಲ್ಲಿದ್ದಾರೆ ಅನ್ನುವ ಕಾರಣಕ್ಕೆ ಭತ್ಯೆ ನಿರಾಕರಿಸಬಾರದು ಅಂತ ಫೆಡರಲ್ ಕಾನೂನೇ ಇದೆ. ಒಪ್ಪಿಗೆ ಕಾಗದದಲ್ಲಿರಲಿ. ಹಣ ಸ್ವಂತದ್ದೇ ಹಾಕಬೇಕಾಗಿ ಬಂದರೆ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ನೋಡಿ. ಟ್ಯೂಷನ್‌ನ ಶೇ. 20 ತೆರಿಗೆಯಲ್ಲಿ ಕಳೆಯುತ್ತದೆ, ವರ್ಷಕ್ಕೆ 2,000 ಡಾಲರ್‌ವರೆಗೆ. ಕಾಲೇಜು ಫೆಡರಲ್ ಸಹಾಯಧನಕ್ಕೆ ಅರ್ಹವಾಗಿದ್ದರೆ ಒಂದೇ ಕೋರ್ಸ್ ಆದರೂ ನಡೆಯುತ್ತದೆ, ಆದಾಯದ ಮಿತಿ ಮಾತ್ರ ಇದೆ.

ಕೊನೇ ಬೆಂಚು 68

ಪೇರೋಲ್ ಕೋರ್ಸ್‌ನವರನ್ನು ಇನ್ನೊಂದು ಕೇಳಿ. ಕಳೆದ ಬ್ಯಾಚಿನಲ್ಲಿ 50 ದಾಟಿದವರು ಎಷ್ಟು ಜನ ಇದ್ದರು, ಅವರಲ್ಲಿ ಎಷ್ಟು ಜನ ಈಗ ಪೇರೋಲ್ ಕೆಲಸದಲ್ಲಿದ್ದಾರೆ? ಒಟ್ಟು ಬ್ಯಾಚಿನ ಲೆಕ್ಕ ಕೊಟ್ಟರೆ ಒಪ್ಪಬೇಡಿ. ಆ ಲೆಕ್ಕವನ್ನೇ ಇಟ್ಟಿಲ್ಲ ಅಂದರೆ ನಿಮ್ಮ ವಯಸ್ಸಿನವರ ಬಗ್ಗೆ ಅವರು ಯೋಚನೆ ಮಾಡಿಲ್ಲ ಅಂತ ಅರ್ಥ, ಬೇರೆ ಕಡೆ ನೋಡಿ.