ರಂಗಾಚಾರ್ಲು ಪುರಭವನ: ಮಳೆಗೆ ಮುಂಚೆ ಗೋಡೆ ನೋಡಬೇಕು

ಗುಂಪಿನ ಸಂಚಾಲಕಿ:
ಭಾನುವಾರ ಬೆಳಗ್ಗೆ 7ಕ್ಕೆ ಮೈಸೂರಿನ ಪುರಭವನ, ಅಂದ್ರೆ ಟೌನ್ ಹಾಲ್ ಸುತ್ತ ಒಂದು ಸುತ್ತು ಹಾಕೋಣ. ಗೋಡೆ ದುರಸ್ತಿಗೆ ಪಾಲಿಕೆಗೆ ಕೊಡೋ ಮನವಿಯಲ್ಲಿ "ಸೂಕ್ತ ಕ್ರಮ ಕೈಗೊಳ್ಳಿ" ಅಂತ ಬರೆದ್ರೆ ಫೈಲಿಗೆ ಸೇರುತ್ತೆ, ಅಷ್ಟೇ. ಎಲ್ಲಿ, ಏನು, ಎಷ್ಟು ಉದ್ದ ಅಂತ ಬರೀಬೇಕು. 2012ರಲ್ಲಿ ಇದೇ ಊರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಹೋದರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಕಡೆ ಬಿತ್ತು. ಎರಡೂ ಆಗಸ್ಟ್‌ನಲ್ಲೇ. "ಮಳೆ ಕಳೀಲಿ, ನೋಡೋಣ" ಅನ್ನೋರಿಗೆ ಇಷ್ಟು ಸಾಕು.

2ನೇ ಕ್ರಾಸ್ ಮೇಷ್ಟ್ರು:
ಮನವಿಗೆ ಚರಿತ್ರೆ ಮೂರು ಸಾಲು ಮೀರೋದು ಬೇಡ. 1881ರಲ್ಲಿ ಮೈಸೂರು ರಾಜ್ಯ ಬ್ರಿಟಿಷರಿಂದ ಒಡೆಯರಿಗೆ ಮರಳಿದಾಗ ದಿವಾನರಾದವರು ಸಿ.ವಿ. ರಂಗಾಚಾರ್ಲು, ಅದೇ ಅಕ್ಟೋಬರ್‌ನಲ್ಲಿ 144 ಜನರ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. 1883ರ ಜನವರಿಯಲ್ಲಿ ತೀರಿಕೊಂಡರು, 1884ರಲ್ಲಿ ಅವರ ನೆನಪಿಗೆ ಈ ಭವನ. ಪಕ್ಕದ ದೊಡ್ಡ ಗಡಿಯಾರ ಬಂದಿದ್ದು 1927ಕ್ಕೆ.

ನಿವೃತ್ತ ಇಂಜಿನಿಯರ್:
ಆ 1884 ಅನ್ನೋದೇ ಮುಖ್ಯ, ಮೇಷ್ಟ್ರೇ. ಹೊರಗಿನ ರೂಪ ಗ್ರೀಕೋ-ರೋಮನ್, ಆದರೆ ಆ ಕಾಲದ ಗೋಡೆ ಅಂದ್ರೆ ಸುಣ್ಣದ ಗಾರೆ. ಅದು ತೇವ ಹೀರುತ್ತೆ, ಬಿಸಿಲಿಗೆ ಬಿಡುತ್ತೆ. ಮೇಲೆ ಸಿಮೆಂಟ್ ಮೆತ್ತಿದ್ರೆ ನೀರು ಬಿರುಕಲ್ಲಿ ಒಳಗೆ ಹೋಗುತ್ತೆ, ಆಚೆ ಬರೋಕೆ ದಾರಿ ಇರಲ್ಲ. ಉಪ್ಪು ಹರಳುಗಟ್ಟಿ ಇಟ್ಟಿಗೆ ಹಿಟ್ಟಾಗುತ್ತೆ. ಪ್ಲಾಸ್ಟರ್ ಮಾತ್ರ ಹೊರಗಿಂದ ಗಟ್ಟಿಯಾಗೇ ಕಾಣುತ್ತೆ, ಮೋಸ ಅಲ್ಲೇ ಇರೋದು. ನಾಣ್ಯದಲ್ಲಿ ಮೆಲ್ಲಗೆ ತಟ್ಟಿ. ಡಬ್ಬಡಬ್ಬ ಅಂದ್ರೆ ಒಳಗೆ ಟೊಳ್ಳು. ಪ್ಲಾಸ್ಟಿಕ್ ಎಮಲ್ಷನ್ ಬಣ್ಣವೂ ಬೇಡ, ಸುಣ್ಣವೇ ಬಳೀಲಿ.

1ನೇ ಮೇನ್:
ಸಾರ್, ಟೆಂಡರ್ ಹಿಡಿದೋರು ಗಾರೆ ಗೊತ್ತಿಲ್ಲ ಅಂತಾರಲ್ಲ?

ಗಾರೆ ಮೇಸ್ತ್ರಿ:
ಗೊತ್ತಿರೋರನ್ನ ಕರೆಸ್ಲಿ ಅಣ್ಣ. ಸುಟ್ಟ ಸುಣ್ಣವನ್ನ ನೀರಿನ ಗುಂಡೀಲಿ ಅರಳಿಸಿ, ಕಮ್ಮಿ ಅಂದ್ರೂ ಮೂರು ವಾರ ಮುಚ್ಚಿಡಬೇಕು. ಅರಳದ ಹರಳು ಉಳಿದ್ರೆ ಆಮೇಲೆ ಗೋಡೇಲಿ ಅರಳಿ ಗುಳ್ಳೆ ಏಳುತ್ತೆ. ಒಂದು ಪಾಲು ಸುಣ್ಣ, ಒಂದು ಸುರ್ಕಿ (ಇಟ್ಟಿಗೆ ಪುಡಿ), ಎರಡು ಮರಳು, ಗಾಣದಲ್ಲಿ ಅರೀಬೇಕು. ಬೆಲ್ಲ, ಅಳಲೆಕಾಯಿ ನೀರು ಹದ ನೋಡಿ. ಗೋಡೆ ನೆನೆಸಿ, ಒಂದು ಪದರ ಅರ್ಧ ಅಂಗುಲ ಮೀರದಂಗೆ ಹಾಕಿ, ಎರಡು ವಾರ ಒದ್ದೆ ಗೋಣಿಚೀಲ ಕಟ್ಟಬೇಕು. ಅವಸರಪಟ್ರೆ ಬಲೆ ಬಲೆ ಬಿರುಕು.

ನಿವೃತ್ತ ಇಂಜಿನಿಯರ್:
ಇದನ್ನೇ ಟೆಂಡರ್ ವಿವರಕ್ಕೆ ಸೇರಿಸಿ ಅಂತ ಕೇಳೋಣ. ಮೊದಲು ಒಂದು ಚದರ ಮೀಟರ್ ಮಾದರಿ ಮಾಡಲಿ, ಒಪ್ಪಿಗೆಯಾದ ಮೇಲೆ ಉಳಿದದ್ದು. ಬಿರುಕು ಕಂಡಲ್ಲಿ ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೀಬೇಕು. ಗಾಜು ಸೀಳಿದ್ರೆ ಗೋಡೆ ಇನ್ನೂ ಅಲುಗ್ತಿದೆ ಅಂತ. ಆವರಣದಲ್ಲಿ ಪಾರ್ಕಿಂಗ್‌ಗೆ ನೆಲ ಅಗೆದಿರೋದ್ರಿಂದ ಆ ಕಡೆ ತಳಪಾಯದ ಮೇಲಿನ ಗೋಡೆ ತಪ್ಪಿಸಬೇಡಿ. ಆದರೆ ಅಂಟಿಸೋದು, ತಟ್ಟೋದು ಎರಡಕ್ಕೂ ಅನುಮತಿ ಬೇಕು.

3ನೇ ಕ್ರಾಸ್:
ಸಂದೀಲಿ ಅರಳಿ ಗಿಡ ಕಂಡ್ರೆ ಕೀಳ್ಬಹುದಾ?

ಗಾರೆ ಮೇಸ್ತ್ರಿ:
ಕೈ ಹಾಕ್ಬೇಡಿ ಮೇಡಂ. ಬೇರಿನ ಜೊತೆ ಇಟ್ಟಿಗೇನೂ ಬರುತ್ತೆ. ಕತ್ತರಿಸಿ, ಬುಡಕ್ಕೆ ಔಷಧಿ ಬಿಟ್ಟು, ಬೇರು ಸತ್ತ ಮೇಲೆ ಸಂದಿಗೆ ಗಾರೆ ತುಂಬಬೇಕು. ಫೋಟೋ ಮಾತ್ರ ತೆಗೀರಿ.

ಗುಂಪಿನ ಸಂಚಾಲಕಿ:
ಸರಿ. ಒಳಗೆ, ತಾರಸಿಗೆ ಹೋಗೋಕೆ ಅನುಮತಿ ಪತ್ರ ನಾಳೆ ಕೊಡ್ತೀನಿ. ಸಿಗದಿದ್ರೆ ಹೊರಗಿಂದಲೇ ನೋಡೋಣ, ಏಣಿ ಯಾರೂ ತರಬೇಡಿ. ಟೇಪು ತನ್ನಿ, ಗೋಡೆ ಮೇಲೆ ಬರೆಯೋ ಸೀಮೆಸುಣ್ಣ ಬೇಡ, ಅದರ ಬದಲು ಪೆನ್ಸಿಲ್-ಪುಸ್ತಕ ತನ್ನಿ, ಯಾರ ಹತ್ರನಾದ್ರೂ ಬೈನಾಕ್ಯುಲರ್ ಇದ್ರೆ ಅದನ್ನೂ. ಮಳೆನೀರಿನ ಕೊಳವೆಗಳ ಕೆಳಗೆ ಗೋಡೆ ಪಾಚಿಗಟ್ಟಿದ್ಯಾ ಅಂತ 3ನೇ ಕ್ರಾಸ್‌ನವರು ನೋಡ್ಕೊಳ್ಳಿ. ಮನವಿಯ ಒಂದು ಪ್ರತಿ ಪುರಾತತ್ವ ಇಲಾಖೆಗೂ ಹೋಗ್ಲಿ, ಮುದ್ರೆ ಹಾಕಿಸ್ಕೊಂಡು ಬನ್ನಿ.